ರೈಟರನ ಪುಸ್ತಕದಲ್ಲಿ ಒಂದು ತಿದ್ದುಪಡಿ

ನಾನು ರೈಟರ್.
ಕತೆ ಕವನದವನಲ್ಲ. ಅಮ್ಮತ್ತಿಯಿಂದಾಚೆ ಎಸ್ಟೇಟಿನಲ್ಲಿ
ಆಳಿನ ಹಾಜರಿ, ಹಣ್ಣಿನ ತೂಕ, ಮಳೆಯ ಸೆಂಟು
ಬರೆಯುವವನಿಗೂ ಅದೇ ಹೆಸರು.
ಪುಸ್ತಕ ಇಂಗ್ಲಿಷಿನಲ್ಲೇ ಇರಬೇಕೆಂಬುದು
ಬಿಳಿ ದೊರೆ ಹಡಗು ಹತ್ತಿದ ಮೇಲೂ
ಬೆಟ್ಟ ಇಳಿಯದೆ ಉಳಿದ ನಿಯಮ.

ನನ್ನ ಇಂಗ್ಲಿಷು ಹತ್ತನೇ ಕ್ಲಾಸಿನದು, ಅದೂ ಎರಡನೇ ಸಲದ್ದು.
ಬಾಯಲ್ಲಿ ಒಂದೇ ಮನೆಯವರಂತಿರುವ ಪದಗಳು
ಕಾಗದಕ್ಕೆ ಬಂದರೆ ದಾಯಾದಿಗಳು:
ನಡುವೆ ಒಂದಕ್ಷರದ ಬೇಲಿ, ಆಚೆ ಬೇರೆಯೇ ತೋಟ.
ಕಣ ಕಾಯುವ ನಾಯಿ ಸತ್ತಾಗ
ಬೆರಿ ಮಾಡಿದೆವು ಎಂದು ಬರೆದೆ.
ಹೂತದ್ದು ಹೌದು; ಪುಸ್ತಕದಲ್ಲಿ ಮಾತ್ರ ನಾಯಿ
ಕಾಫಿ ಹಣ್ಣಾಗಿ ಕೆಂಪಗೆ ತೂಗುತ್ತಿತ್ತು.
ಲೈನ್‌ಮನೆಯ ಪೊನ್ನುತಾಯಿಗೆ ರಜೆ ಅರ್ಜಿ ಬರೆದುಕೊಟ್ಟೆ,
ಲೀವ್ ಬರೆಯಹೋಗಿ ಲಿವ್ ಬಿತ್ತು.
"ನಾಲ್ಕು ದಿನ ಬದುಕು ಬೇಕು" ಎಂದು ಓದಿ
ಮ್ಯಾನೇಜರ್ ಉತ್ತಯ್ಯ ನಕ್ಕರು,
ಎರಡು ದಿನ ಕೊಟ್ಟರು.

ಜನವರಿ ಹದಿನೇಳರ ಬೆಳಿಗ್ಗೆ
ರಾತ್ರಿ ಕಾವಲಿನ ಪಣಿಯೆರವರ ಬೊಳಕ
ಹೊದ್ದ ಕಂಬಳಿಯಲ್ಲೇ ಆಫೀಸಿನ ಕಿಟಕಿಗೆ ಬಂದು
ಹೇಳಿದ್ದು ಎರಡೇ ಮಾತು:
"ಆನೆ. ಕೇಳ್ದೆ."
ಹನ್ನೆರಡನೇ ಬ್ಲಾಕು, ಆನೆ, ಹರ್ಡ್.
ಬರೆದೆ. ಅದನ್ನೇ ಫಾರೆಸ್ಟಿನವರ ಮೊಬೈಲಿಗೂ ಕಳಿಸಿದೆ.

ಒಂಬತ್ತಕ್ಕೆ ಎರಡು ಜೀಪು, ಹದಿನಾಲ್ಕು ಜನ,
ಪಟಾಕಿ ಪೆಟ್ಟಿಗೆ, ಮೇಲೊಂದು ಡ್ರೋನು.
ಕೊಯ್ಲು ನಿಂತಿತು. ಹೆಂಗಸರು ಚೀಲ ಮಡಚಿ
ಟ್ರ್ಯಾಕ್ಟರು ಹತ್ತಿ ಕೂತರು.
ಸಂಜೆವರೆಗೆ ಹುಡುಕಿ ಸಿಕ್ಕಿದ್ದು
ಕಾಫಿ ಬೀಜ ತುಂಬಿದ ಲದ್ದಿ, ಒಂದೇ ಆನೆಯದು.
"ಹಿಂಡೆಲ್ಲಿ ರೈಟರೇ?"
"ಹಿಂಡು ಅಂದವರು ಯಾರು?"
ಗಾರ್ಡು ಮೊಬೈಲು ತೋರಿಸಿದ.

ಉತ್ತಯ್ಯ ಕನ್ನಡಕ ಒರೆಸಿಕೊಂಡು ಪಾಠ ಮಾಡಿದರು:
"ಕೇಳಿದ್ದಕ್ಕೆ ನಡುವೆ ಒಂದು ಎ ಬೇಕು ಮಾರಾಯ.
ಹಾಕಿ ನೋಡು, ಪದದ ಹೊಟ್ಟೆಯೊಳಗೆ
ಇಯರ್ ಕೂತಿದೆ, ಇಡೀ ಒಂದು ಕಿವಿ.
ಕಿವಿ ಇಲ್ಲದ್ದು ಹಿಂಡು."

ಮನೆಗೆ ಬಂದು ಕನ್ನಡದಲ್ಲಿ ಬರೆದು ನೋಡಿದೆ.
ಇದೂ ಹರ್ಡ್, ಅದೂ ಹರ್ಡ್.
ಕಿವಿ ಎಲ್ಲೂ ಕಾಣಲಿಲ್ಲ.
ಮೊರದಗಲ ಕಿವಿ ಬೀಸುತ್ತ ನಡೆಯುವ ಜೀವಗಳ
ಹಿಂಡಿನ ಪದಕ್ಕೇ ಕಿವಿ ಇಡಲಿಲ್ಲವಲ್ಲ ಇವರು,
ಎಂದು ಒಬ್ಬನೇ ನಕ್ಕೆ.
ಆಮೇಲೆ ನೆನಪಾಯಿತು,
ನಾಲಿಗೆ ತುಸು ಮಡಚಿಕೊಂಡರೆ
ನಮ್ಮಲ್ಲೂ ಆನೆ ಆಣೆಯಾಗುತ್ತದೆ.

ಮರುದಿನ ಕೆಂಪು ಪೆನ್ನು ಹಿಡಿದವನು
ಎ ಸೇರಿಸುವ ಮೊದಲು ಬೊಳಕನನ್ನು ಕರೆದೆ, ಸಾಕ್ಷಿಗೆಂದು.
"ಏನು ಕೇಳಿತು ನಿನಗೆ? ಕೊಂಬೆ ಮುರಿದದ್ದಾ, ಘೀಳಾ?"
ಎರಡನೇ ಸಲವೂ ಫೇಲಾದವನನ್ನು ನೋಡುವಂತೆ ನೋಡಿದ.
"ಸದ್ದು ಕೇಳಿದ್ದಲ್ಲ ರೈಟರೇ.
ಹತ್ತು ಮಾರು ದೂರದಲ್ಲಿ ನಿಂತಿತ್ತು.
ಟಾರ್ಚು ಆರಿಸಿ ನಾನೇ ಕೇಳ್ದೆ,
ಎತ್ತ ಹೋಗ್ತೀ ಅಂತ.
ಕರೆಂಟು ಬೇಲಿ ಹಾಕಿದ್ದು ಅದರ ದಾರಿಗೇ ಅಲ್ವಾ,
ಅದಕ್ಕೂ ಗೊತ್ತಿಲ್ಲ ಪಾಪ.
ಬಾಳ ಹೊತ್ತು ನಿಂತು, ಹೊಳೆ ಕಡೆ ಇಳೀತು."

ಪೆನ್ನು ಹಾಗೇ ನಿಂತಿತು.
ಇಂಗ್ಲಿಷಿಗೆ ಆ ಕೇಳು ಬೇರೆ, ಈ ಕೇಳು ಬೇರೆ;
ನಮಗೆ ಕಿವಿಗೂ ಬಾಯಿಗೂ ಒಂದೇ ಪದ.
ಒಂದಕ್ಷರ ತಪ್ಪಿದ್ದೆ ಅಂದುಕೊಂಡಿದ್ದೆ,
ತಪ್ಪಿದ್ದು ಇಡೀ ರಾತ್ರಿ.

ಎ ಸೇರಿಸಲಿಲ್ಲ. ಸಾಲಿಗೆ ಗೆರೆ ಎಳೆದು
ಷರಾ ಕಾಲಮ್ಮಿನಲ್ಲಿ ಮೊದಲ ಸಲ ಕನ್ನಡದಲ್ಲಿ ಬರೆದೆ:
"ಬೊಳಕ ಆನೆಯನ್ನು ಕೇಳಿದ. ಉತ್ತರ ಬಂದಿಲ್ಲ."
ಕೆಳಗೆ ಉತ್ತಯ್ಯನವರ ಸಹಿ ಇದೆ.
ಓದದೆ ಹಾಕಿರಬೇಕು.